ಫರ್ಮ್‌ವೇರ್ ಕೊಟ್ಟ ಪಹಣಿಯನ್ನು ಓದುವುದು ಹೇಗೆ?

ಹೋದ ಸಂಚಿಕೆಯಲ್ಲಿ, ಕಂಪ್ಯೂಟರ್ ಆನ್ ಮಾಡಿದ ಮೊದಲ ಕೆಲವು ಸೆಕೆಂಡುಗಳಲ್ಲಿ ಏನೇನು ನಡೆಯುತ್ತದೆ ಅಂತ ಬರೆದಿದ್ದೆ. ಮದರ್‌ಬೋರ್ಡಿನ ಚಿಪ್‌ನಲ್ಲಿರುವ ಪ್ರೋಗ್ರಾಂ, ಅಂದರೆ ಫರ್ಮ್‌ವೇರ್, ಮೊದಲು ಎದ್ದು, ಯಾವ ಮೆಮೊರಿ ಎಲ್ಲಿದೆ ಅಂತ ಒಂದು ಪಟ್ಟಿ ಮಾಡಿ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಕೈಗೆ ಕೊಡುತ್ತದೆ ಅನ್ನುವುದು ಅದರಲ್ಲಿ ಒಂದೇ ಒಂದು ಸಾಲಾಗಿ ಬಂದಿತ್ತು. ಪತ್ರಗಳೆಲ್ಲ ಆ ಸಾಲಿನ ಬಗ್ಗೆಯೇ ಬಂದಿವೆ. ಅದೂ ಜಾಸ್ತಿ ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆಯಿಂದಲೇ. ತುಂಬಾ ಖುಷಿಯಾಯಿತು. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನಾವು ನಾಲ್ಕು ಜನ ಗೆಳತಿಯರು ಸೇರಿ ಒಂದು ಪುಟ್ಟ ಕರ್ನಲ್ ಬರೆಯುತ್ತಿದ್ದೇವೆ. ಬಯಾಸ್ (ಹಳೆಯ ಬಗೆಯ ಫರ್ಮ್‌ವೇರ್) ಕೊಡುವ ಮೆಮೊರಿ ಪಟ್ಟಿಯನ್ನು ಓದುವ ಭಾಗವನ್ನು ಒಬ್ಬಳು ಬರೆದಿದ್ದಾಳೆ, ಅದನ್ನು ರಿವ್ಯೂ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಸುಮಾರು 180 ಸಾಲು. ಮೂರು ಸಲ ಓದಿದೆ, ಎಲ್ಲಾ ಸರಿ ಇದ್ದ ಹಾಗೇ ಕಾಣುತ್ತದೆ. ಎಲ್ಲಿಂದ ಹಿಡಿಯಲಿ?
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಕೋಡನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಮೇಲಿಂದ ಕೆಳಗೆ ಓದುತ್ತಾ ಹೋದರೆ ಬರೆದವಳ ಯೋಚನೆಯ ಹಿಂದೆಯೇ ನೀವೂ ನಡೆಯುತ್ತೀರಿ, ಅವಳು ಎಡವದ ಕಡೆ ನೀವೂ ಎಡವುವುದಿಲ್ಲ. ಮೊದಲು ಆ ಪಟ್ಟಿ ಹೇಗಿರುತ್ತದೆ ಅಂತ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ.

ನಿಮ್ಮ ಮನೆಯಲ್ಲಿ ಹೊಲ ಇದ್ದರೆ ಪಹಣಿ ನೋಡಿರುತ್ತೀರಿ. ಸರ್ವೆ ನಂಬರ್, ಇಷ್ಟು ಎಕರೆ ಇಷ್ಟು ಗುಂಟೆ, ಅದರಲ್ಲಿ ಖರಾಬು ಇಷ್ಟು. ಬಯಾಸ್ ಕೊಡುವ ಪಟ್ಟಿಯೂ ಹೆಚ್ಚುಕಮ್ಮಿ ಹಾಗೇ. ಇದಕ್ಕೆ ಇ820 ಪಟ್ಟಿ ಅನ್ನುತ್ತಾರೆ, ಬಯಾಸನ್ನು ಕೇಳುವಾಗ ಪ್ರೊಸೆಸರ್‌ನೊಳಗಿನ ಪುಟ್ಟ ಜಾಗವಾದ ರಿಜಿಸ್ಟರ್‌ನಲ್ಲಿ ಇಡುವ ಸಂಖ್ಯೆಯೇ ಅದರ ಹೆಸರಾಗಿ ಉಳಿದಿದೆ. ಒಂದು ನಮೂದಿಗೆ 20 ಬೈಟ್. ಮೊದಲ 8 ಬೈಟ್‌ನಲ್ಲಿ ಜಾಗ ಎಲ್ಲಿಂದ ಶುರು, ಮುಂದಿನ 8 ಬೈಟ್‌ನಲ್ಲಿ ಎಷ್ಟು ಉದ್ದ, ಕೊನೆಯ 4 ಬೈಟ್‌ನಲ್ಲಿ ಯಾವ ಬಗೆ. ಬಗೆ 1 ಅಂದರೆ ಸಾಗುವಳಿ ಜಮೀನು, ಕರ್ನಲ್ ಬಳಸಬಹುದು. 2 ಅಂದರೆ ಬಿ-ಖರಾಬು ಇದ್ದ ಹಾಗೆ, ರಸ್ತೆ ಹಳ್ಳ ಇರುವ ಜಾಗ, ಅಲ್ಲಿ ಉಳಬಾರದು. 3ರಲ್ಲಿ ಎಸಿಪಿಐ ಟೇಬಲ್‌ಗಳಿರುತ್ತವೆ (ಮಶೀನಿನ ಹಾರ್ಡ್‌ವೇರ್, ಪವರ್ ವಿವರಗಳನ್ನು ಫರ್ಮ್‌ವೇರ್ ಬರೆದಿಟ್ಟ ಕೋಷ್ಟಕಗಳು), ಓದಿ ಮುಗಿಸಿದ ಮೇಲೆ ಆ ಜಾಗವನ್ನು ಬಳಸಬಹುದು. 4 ಫರ್ಮ್‌ವೇರ್ ತನಗಾಗಿ ಇಟ್ಟುಕೊಂಡದ್ದು, ಯಾವತ್ತೂ ಮುಟ್ಟಬಾರದು. 5 ಕೆಟ್ಟುಹೋದ ಮೆಮೊರಿ. ಎಸಿಪಿಐ 3.0 ಬಂದಾಗ ನಮೂದಿಗೆ ಇನ್ನೊಂದು 4 ಬೈಟ್ ಸೇರಿತು, ಹಾಗಾಗಿ ಕೆಲವು ಕಡೆ 24 ಬೈಟ್ ಸಿಗುತ್ತದೆ. ಎಷ್ಟು ಬೈಟ್ ಕೊಟ್ಟೆ ಅಂತ ಬಯಾಸೇ ಪ್ರತಿ ಸಲ ಹೇಳುತ್ತದೆ. 20 ಅಂತ ಹೇಳಿದಾಗಲೂ ಆ ಕೊನೆಯ 4 ಬೈಟ್ ನೋಡುವ ಕೋಡ್ ಇದ್ದರೆ ಅದು ಹಳೆಯ ಕಸವನ್ನು ಓದುತ್ತಿದೆ.

ಈಗ ಮುಖ್ಯ ಮಾತು. ಪಹಣಿಯಲ್ಲಿ ಬರೆದದ್ದೆಲ್ಲ ನೆಲದ ಮೇಲೆ ಹಾಗೇ ಇರುತ್ತದೆ ಅಂತ ನಮ್ಮೂರಿನ ಯಾವ ರೈತನೂ ನಂಬುವುದಿಲ್ಲ. ಪಕ್ಕದವನ ಪಹಣಿಯೂ ಅದೇ ಎರಡು ಗುಂಟೆಯನ್ನು ತನ್ನದು ಅನ್ನುತ್ತಿರಬಹುದು. ಇ820 ಪಟ್ಟಿಯಲ್ಲೂ ಇವೆಲ್ಲ ಉಂಟು. ನಮೂದುಗಳು ವಿಳಾಸದ ಕ್ರಮದಲ್ಲಿ ಇರಬೇಕು ಅಂತೇನಿಲ್ಲ. ಒಂದರ ಮೇಲೊಂದು ಬಿದ್ದಿರಬಹುದು. ಉದ್ದ ಸೊನ್ನೆ ಇರಬಹುದು. ಎರಡು ನಮೂದು ಒಂದೇ ಜಾಗಕ್ಕೆ ಜಗಳ ಆಡಿದರೆ ಯಾರ ಮಾತು ನಡೆಯಬೇಕು? ಲಿನಕ್ಸ್ ಪಟ್ಟಿಯನ್ನು ಪೂರ್ತಿ ಹೊಸದಾಗಿ ಜೋಡಿಸಿ, ಮೇಲೆ ಬಿದ್ದ ಕಡೆ ಬಗೆಯ ಸಂಖ್ಯೆ ಯಾವುದು ದೊಡ್ಡದೋ ಅದನ್ನೇ ಇಟ್ಟುಕೊಳ್ಳುತ್ತದೆ. ಅಂದರೆ 1ಕ್ಕೂ 2ಕ್ಕೂ ಜಗಳ ಬಿದ್ದರೆ 2 ಗೆಲ್ಲುತ್ತದೆ, ಆ ಜಾಗ ಮುಟ್ಟಬಾರದ್ದು ಅಂತಲೇ ಲೆಕ್ಕ. ನಿಮ್ಮ ಗೆಳತಿಯ ಕೋಡ್ ಈ ಜಗಳವನ್ನು ಎಲ್ಲಿ ಬಿಡಿಸುತ್ತದೆ ಅಂತ ಹುಡುಕಿ. ಸಿಗದಿದ್ದರೆ ಅದೇ ನಿಮ್ಮ ಮೊದಲ ಕಾಮೆಂಟ್.

ಆಮೇಲೆ ಕೂಡುವ ಸಾಲು. ಶುರುವಿಗೆ ಉದ್ದ ಕೂಡಿಸಿದರೆ ಕೊನೆ ಸಿಗುತ್ತದೆ, ಇಂಥ ಸಾಲು ಈ ಕೋಡಿನಲ್ಲಿ ಇದ್ದೇ ಇರುತ್ತದೆ. ಅಲ್ಲಿ ನಿಂತುಕೊಳ್ಳಿ. 8 ಬಿಟ್ ಸಂಖ್ಯೆಯಲ್ಲಿ 250ಕ್ಕೆ 10 ಕೂಡಿಸಿದರೆ 260 ಬರುವುದಿಲ್ಲ, 4 ಬರುತ್ತದೆ. 64 ಬಿಟ್‌ನಲ್ಲೂ ಆಗುವುದು ಇದೇ, ಸಂಖ್ಯೆ ದೊಡ್ಡದು ಅಷ್ಟೇ. ಕೊನೆಯು ಶುರುವಿಗಿಂತ ಹಿಂದೆ ಬಂದು ಕೂರುತ್ತದೆ, ಮುಂದೆ ಇರುವ ಎಲ್ಲ ಹೋಲಿಕೆಗಳೂ ಸುಳ್ಳು ಉತ್ತರ ಕೊಡುತ್ತವೆ. ಕೂಡಿಸಿ ಆದ ಮೇಲೆ ನೋಡುವುದಕ್ಕಿಂತ ಮೊದಲೇ ಕೇಳುವುದು ಒಳ್ಳೆಯದು: ಅತಿ ದೊಡ್ಡ ಸಂಖ್ಯೆಯಿಂದ ಶುರುವನ್ನು ಕಳೆದರೆ ಉಳಿಯುವುದಕ್ಕಿಂತ ಉದ್ದ ಜಾಸ್ತಿ ಇದೆಯಾ? ಇದ್ದರೆ ಆ ನಮೂದನ್ನು ಬಿಟ್ಟುಬಿಡಿ.

ಇನ್ನೊಂದು ಜಾಗ, ಲೂಪ್ ನಿಲ್ಲುವ ಕಡೆ. ಬಯಾಸ್ ಒಂದೊಂದು ಸಲ ಒಂದೊಂದೇ ನಮೂದು ಕೊಡುತ್ತದೆ, ಜೊತೆಗೆ ಮುಂದಿನ ಸಲಕ್ಕೆ ಒಂದು ಟೋಕನ್ ಸಂಖ್ಯೆ. ಟೋಕನ್ ಸೊನ್ನೆ ಬಂದರೆ ಇದೇ ಕೊನೆಯದು ಅಂತ ಅರ್ಥ. ಆದರೆ ಆ ಕೊನೆಯ ನಮೂದೂ ನಿಜವಾದದ್ದೇ! ಸೊನ್ನೆ ಕಂಡ ತಕ್ಷಣ ಲೂಪಿನಿಂದ ಹೊರಗೆ ಓಡುವ ಕೋಡ್ ಕೊನೆಯ ನಮೂದನ್ನು ಚೆಲ್ಲಿಬಿಡುತ್ತದೆ. ಜಾಸ್ತಿ ಮೆಮೊರಿ ಇರುವ ಮಶೀನಿನಲ್ಲಿ ಆ ಕೊನೆಯ ನಮೂದೇ 4 ಜಿಬಿ ಆಚೆಗಿನ ದೊಡ್ಡ ತುಂಡಾಗಿರಬಹುದು. ಕೆಲವು ಬಯಾಸ್ ಟೋಕನ್ ಸೊನ್ನೆ ಮಾಡುವ ಬದಲು ಕ್ಯಾರಿ ಫ್ಲ್ಯಾಗ್ (ಪ್ರೊಸೆಸರ್‌ನಲ್ಲಿರುವ ಒಂದು ಬಿಟ್‌ನ ಗುರುತು) ಎತ್ತಿ ಮುಗಿಯಿತು ಅನ್ನುತ್ತವೆ, ಅದನ್ನೂ ನೋಡಬೇಕು. ಎರಡೂ ಮಾಡದೆ ಕೊಡುತ್ತಲೇ ಇದ್ದರೆ? ಅದಕ್ಕೇ ಲಿನಕ್ಸ್‌ನಲ್ಲಿ ಈ ಹಂತಕ್ಕೆ 128 ನಮೂದಿನ ಮಿತಿ ಇದೆ. ಪ್ರತಿ ಸಲ ಬಯಾಸ್ ಒಂದು ಗುರುತಿನ ಸಂಖ್ಯೆಯನ್ನೂ ವಾಪಸ್ ಕೊಡಬೇಕು. ಅದು ಮಧ್ಯದಲ್ಲಿ ತಪ್ಪಿದರೆ ಲಿನಕ್ಸ್ ಅಲ್ಲಿಯವರೆಗೆ ಬಂದದ್ದನ್ನೂ ಸೇರಿಸಿ ಇಡೀ ಪಟ್ಟಿಯನ್ನೇ ಎಸೆಯುತ್ತದೆ. ಕಠಿಣ ಅನ್ನಿಸಬಹುದು. ನನಗೆ ಅದು ಸರಿಯಾದ ತೀರ್ಮಾನ ಅನ್ನಿಸುತ್ತದೆ. ಅರ್ಧ ದಾರಿಯಲ್ಲಿ ಮಾತು ಬದಲಿಸಿದವರ ಮೊದಲರ್ಧ ಮಾತನ್ನು ಯಾವ ಧೈರ್ಯದ ಮೇಲೆ ನಂಬುವುದು?

ಕೊನೆಗೆ ಒಂದು, ಇದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ಬಹಳ ಹಿಂದೆ ಪಿ.ಜೆ. ಬಡಾವಣೆಯ ಒಂದು ರೂಮಿನಲ್ಲಿ ಕೂತು ನಾನೂ ಇಂಥದೇ ಒಂದು ಕರ್ನಲ್ ಬರೆಯುತ್ತಿದ್ದೆ. ಹಳೆಯ ಡೆಸ್ಕ್‌ಟಾಪ್. ಬೂಟ್ ಚೆನ್ನಾಗಿ ಆಗುತ್ತಿತ್ತು, ಆದರೆ ಮಶೀನ್ ಆಫ್ ಮಾಡು ಅಂದರೆ ಆಗುತ್ತಿರಲಿಲ್ಲ. ಅದಕ್ಕೆ ಬೇಕಾದ ಎಸಿಪಿಐ ಟೇಬಲ್ ಸಿಗುತ್ತಿಲ್ಲ ಅಂತ ಬರುತ್ತಿತ್ತು, ಆದರೆ ಅದೇ ಮಶೀನಿನಲ್ಲಿ ಲಿನಕ್ಸ್‌ಗೆ ಅದೇ ಟೇಬಲ್ ಸಿಗುತ್ತಿತ್ತು. ಮೂರು ರಾತ್ರಿ ಹೋಯಿತು. ಕೊನೆಗೆ ಪಟ್ಟಿಯನ್ನು ಹಾಳೆಯ ಮೇಲೆ ಬರೆದು ನೋಡಿದಾಗ ಗೊತ್ತಾಯಿತು. ಕರ್ನಲ್ ಮೆಮೊರಿಯನ್ನು 4 ಕೆಬಿಯ ಪುಟಗಳಾಗಿ ಹಂಚುತ್ತದೆ, ಆದರೆ ಆ ಬಯಾಸಿನ ಸಾಗುವಳಿ ಜಾಗ ಒಂದು ಪುಟದ ಅರ್ಧಕ್ಕೆ, 2 ಕೆಬಿಗೆ ಮುಗಿಯುತ್ತಿತ್ತು. ಉಳಿದ 2 ಕೆಬಿಯಲ್ಲಿ ಎಸಿಪಿಐ ಟೇಬಲ್ ಶುರುವಾಗುತ್ತಿತ್ತು. ನನ್ನ ಕೋಡ್ ಕೊನೆಯನ್ನು ಮೇಲಕ್ಕೆ ಸರಿಸಿ ಪೂರ್ತಿ ಪುಟ ಮಾಡಿಕೊಂಡಿತ್ತು. ಆ ಪುಟವನ್ನು ಯಾರಿಗೋ ಕೊಡುವಾಗ ಸೊನ್ನೆ ತುಂಬಿ ಕೊಟ್ಟಿತ್ತು. ಟೇಬಲ್‌ನ ತಲೆಯೇ ಅಳಿಸಿಹೋಗಿತ್ತು.

ಬಳಸುವ ಜಾಗವನ್ನು ಒಳಕ್ಕೆ ಸರಿಸಬೇಕು: ಶುರು ಮುಂದಕ್ಕೆ, ಕೊನೆ ಹಿಂದಕ್ಕೆ. ಮುಟ್ಟಬಾರದ ಜಾಗವನ್ನು ಹೊರಕ್ಕೆ ಸರಿಸಬೇಕು. ನಮ್ಮ ಬದುವನ್ನು ಒಂದು ಗೇಣು ಒಳಗೇ ಹಾಕಿದರೆ ಹೋಗುವುದು ಒಂದು ಸಾಲು ಬೆಳೆ. ಇಲ್ಲಿ ಹೋಗುವುದು ಹೆಚ್ಚೆಂದರೆ ಅಂಚಿಗೊಂದು ಪುಟ. ಗಿಗಾಬೈಟ್‌ಗಟ್ಟಲೆ ಮೆಮೊರಿ ಇರುವ ಮಶೀನಿನಲ್ಲಿ ಅದು ಲೆಕ್ಕಕ್ಕೇ ಇಲ್ಲ. ಬೇರೆಯವರ ಪುಟದ ಮೇಲೆ ಬರೆದರೆ ಮಾತ್ರ ಏನು ಕೆಡುತ್ತದೆ, ಯಾವಾಗ ಕೆಡುತ್ತದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಪ್ರಶ್ನೆ: ನಮ್ಮ ಕರ್ನಲ್ ಹಳೆಯ ಬಯಾಸ್‌ನಲ್ಲಿ ಸರಿಯಾಗಿ ನಡೆಯುತ್ತಿತ್ತು. ಬಯಾಸ್ ಬದಲಿಗೆ ಬಂದ ಹೊಸ ಬಗೆಯ ಫರ್ಮ್‌ವೇರ್ ಆದ ಯುಇಎಫ್‌ಐಗೆ ಬದಲಾಯಿಸಿದ ಮೇಲೆ ಮೆಮೊರಿ ಪಟ್ಟಿ ಪ್ರಿಂಟ್ ಮಾಡಿದರೆ ಮೊದಲ ಸಾಲು ಸರಿ, ಆಮೇಲೆ ಕಸ, ಮಧ್ಯೆ ಮತ್ತೆ ಒಂದು ಸಾಲು ಸರಿ, ಮತ್ತೆ ಕಸ. ಪುಟಗಳ ಸಂಖ್ಯೆ ಎಷ್ಟೋ ಕಡೆ ಸೊನ್ನೆ. ಲ್ಯಾಪ್‌ಟಾಪಿನ ರ‍್ಯಾಮ್ ಹೋಗಿದೆಯಾ?
— ಚಿತ್ರದುರ್ಗ

ಉತ್ತರ: ರ‍್ಯಾಮ್ ಚೆನ್ನಾಗಿದೆ. ನಿಮ್ಮ ಪತ್ರದಲ್ಲೇ ಉತ್ತರ ಇದೆ, ಮಧ್ಯೆ ಮತ್ತೆ ಒಂದು ಸಾಲು ಸರಿ ಬರುತ್ತದೆ ಅಂದಿರಲ್ಲ, ಅದು.

ಯುಇಎಫ್‌ಐ ಪಟ್ಟಿಯ ಒಂದು ನಮೂದು ಹೀಗಿದೆ: ಬಗೆಗೆ 4 ಬೈಟ್, ಖಾಲಿ 4 ಬೈಟ್, ಭೌತಿಕ ವಿಳಾಸ 8, ವರ್ಚುವಲ್ ವಿಳಾಸ 8, ಪುಟಗಳ ಸಂಖ್ಯೆ 8, ಗುಣಲಕ್ಷಣ 8. ಒಟ್ಟು 40 ಬೈಟ್. ನೀವು ಸಿ ಭಾಷೆಯಲ್ಲಿ ಒಂದು ಸ್ಟ್ರಕ್ಟ್ (ನಮೂದಿನ ಅಚ್ಚು) ಮಾಡಿ, ಪಟ್ಟಿ ಅದರ ಅರೇ (ಒಂದರ ಪಕ್ಕ ಒಂದರ ಸಾಲು) ಅಂದುಕೊಂಡು ಓದುತ್ತಿದ್ದೀರಿ, ಅಂದರೆ 40 ಬೈಟ್‌ಗೊಂದು ಹೆಜ್ಜೆ. ಆದರೆ ಪಟ್ಟಿ ಕೊಡುವಾಗಲೇ ಫರ್ಮ್‌ವೇರ್ ಹೆಜ್ಜೆ ಎಷ್ಟು ಅಂತ ಬೇರೆಯಾಗಿ ಹೇಳುತ್ತದೆ, ಡಿಸ್ಕ್ರಿಪ್ಟರ್ ಸೈಜ್ ಅಂತ. ಅದು ಸಾಮಾನ್ಯವಾಗಿ 48.

ಕೈಯಲ್ಲೇ ಲೆಕ್ಕ ಮಾಡೋಣ. ಮೊದಲ ನಮೂದು ಸೊನ್ನೆಯಿಂದ ಶುರು, ಸರಿ ಬರುತ್ತದೆ. ಎರಡನೆಯದನ್ನು ನೀವು 40ರಿಂದ ಓದುತ್ತೀರಿ, ಅದು ನಿಜವಾಗಿ ಇರುವುದು 48ರಲ್ಲಿ. ಹಾಗಾಗಿ ಎಲ್ಲವೂ 8 ಬೈಟ್ ಜಾರುತ್ತದೆ. ವಿಳಾಸ ಅಂತ ನೀವು ಓದುವ ಕಡೆ ಬಗೆ ಇರುತ್ತದೆ, ಅದಕ್ಕೇ ವಿಳಾಸ 7 ಅಂತಲೋ 3 ಅಂತಲೋ ಸಣ್ಣ ಸಂಖ್ಯೆ ಕಾಣುತ್ತದೆ. ಪುಟಗಳ ಸಂಖ್ಯೆ ಅಂತ ಓದುವ ಕಡೆ ವರ್ಚುವಲ್ ವಿಳಾಸ ಇರುತ್ತದೆ, ಬೂಟ್ ಹೊತ್ತಿನಲ್ಲಿ ಅದು ಸಾಮಾನ್ಯವಾಗಿ ಸೊನ್ನೆ. ನಿಮಗೆ ಕಂಡ ಸೊನ್ನೆ ಅದೇ. ಹೀಗೆ ಜಾರುತ್ತಾ ಹೋಗಿ, ಆರು ಸಲ 40 ಅಂದರೆ 240, ಐದು ಸಲ 48 ಅಂದರೂ 240. ಅಲ್ಲಿ ಎರಡೂ ಹೆಜ್ಜೆ ಕೂಡಿಕೊಳ್ಳುತ್ತವೆ. ನಿಮ್ಮ ಪಟ್ಟಿಯಲ್ಲಿ ಏಳನೆಯ ಸಾಲು ಸರಿ ಇದೆಯಾ ನೋಡಿ. ಹದಿಮೂರನೆಯದೂ ಸರಿ ಇರಬೇಕು.

ಈ 48 ಬೇಕೆಂದೇ ಇಟ್ಟದ್ದು. ಯುಇಎಫ್‌ಐನ ತೆರೆದ ಕೋಡ್ ಆದ ಇಡಿಕೆ2ದಲ್ಲಿ ಡಿಸ್ಕ್ರಿಪ್ಟರ್ ಸೈಜ್ ಸ್ಟ್ರಕ್ಟ್‌ನ ಅಳತೆಗೆ ಸಮ ಆಗದ ಹಾಗೆ ದೊಡ್ಡದು ಮಾಡಿದ್ದಾರೆ, ಪಾಯಿಂಟರ್ ಲೆಕ್ಕದ ತಪ್ಪು ತಡೆಯಲಿಕ್ಕೆ ಅಂತ ಅಲ್ಲೇ ಕಾಮೆಂಟ್ ಬರೆದಿದ್ದಾರೆ. ನನಗೆ ಈ ಕೆಲಸ ಬಹಳ ಇಷ್ಟ. ಸಮ ಇಟ್ಟಿದ್ದರೆ ನಿಮ್ಮ ಕೋಡ್ ವರ್ಷಗಟ್ಟಲೆ ನಡೆದು, ಯಾವತ್ತೋ ಒಂದು ದಿನ ಹೊಸ ಮಶೀನಿನಲ್ಲಿ ಬಿದ್ದುಹೋಗುತ್ತಿತ್ತು. ಈಗ ಮೊದಲ ದಿನವೇ ಸಿಕ್ಕಿತು.

ಸ್ಟ್ರಕ್ಟ್ ಇರಲಿ, ಹೆಜ್ಜೆ ಮಾತ್ರ ಫರ್ಮ್‌ವೇರ್ ಹೇಳಿದ ಅಳತೆಯದ್ದಾಗಲಿ. ಆ ಅಳತೆಯನ್ನೂ ಕಣ್ಣು ಮುಚ್ಚಿ ತೆಗೆದುಕೊಳ್ಳಬೇಡಿ, 40ಕ್ಕಿಂತ ಕಮ್ಮಿ ಬಂದರೆ ಅಲ್ಲೇ ನಿಲ್ಲಿಸಿ. ಹಾಗೆಯೇ ಇಲ್ಲಿ ಉದ್ದ ಇರುವುದು ಪುಟಗಳಲ್ಲಿ, ಇ820ರಲ್ಲಿ ಇದ್ದದ್ದು ಬೈಟ್‌ಗಳಲ್ಲಿ. ಗುಂಟೆಯ ಸಂಖ್ಯೆಯನ್ನು ಎಕರೆ ಅಂತ ಓದಿದರೆ 40 ಪಟ್ಟು ತಪ್ಪಾಗುತ್ತದೆ, ಇಲ್ಲಿ 4096 ಪಟ್ಟು. ಪುಟವನ್ನು ಬೈಟ್ ಮಾಡಲು 4096ರಿಂದ ಗುಣಿಸುವಾಗಲೂ ಸಂಖ್ಯೆ ಉಕ್ಕಿಹೋಗಬಹುದು. ಲಿನಕ್ಸ್‌ನ ಎಕ್ಸ್86 (ಇಂಟೆಲ್, ಎಎಂಡಿ ಬಗೆಯ ಪ್ರೊಸೆಸರ್) ಕೋಡಿನಲ್ಲಿ ಇಂಥ ನಮೂದುಗಳನ್ನು, ಸೊನ್ನೆ ಪುಟದವನ್ನೂ ಸೇರಿಸಿ, ಹೆಕ್ಕಿ ತೆಗೆದುಹಾಕುವ ಒಂದು ಫಂಕ್ಷನ್ನೇ ಇದೆ. ಸುಮ್ನೆ ಬರೆದದ್ದಲ್ಲ ಅದು. ನಿಜವಾದ ಮಶೀನ್‌ಗಳು ಹಾಗೆ ಕೊಟ್ಟಿದ್ದಕ್ಕೇ ಬರೆದದ್ದು.

ಮುಂದೆ ನಿಮಗೆ ಇನ್ನೊಂದು ತೊಂದರೆ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಪಟ್ಟಿಯ ಜೊತೆ ಒಂದು ಮ್ಯಾಪ್ ಕೀ ಬರುತ್ತದೆ. ಬೂಟ್ ಹೊತ್ತಿನಲ್ಲಿ ಫರ್ಮ್‌ವೇರ್ ಮಾಡಿಕೊಡುವ ಕೆಲಸಗಳಿಗೆ ಬೂಟ್ ಸರ್ವೀಸ್ ಅನ್ನುತ್ತಾರೆ, ಅದರಿಂದ ಹೊರಗೆ ಬರುವಾಗ ಅದೇ ಕೀ ತೋರಿಸಬೇಕು. ಪಟ್ಟಿ ತಗೊಂಡ ಮೇಲೆ ಮೆಮೊರಿ ಕೇಳಿದರೆ, ಕೆಲವು ಸಲ ಪರದೆ ಮೇಲೆ ಒಂದು ಸಾಲು ಪ್ರಿಂಟ್ ಮಾಡಿದರೂ, ಪಟ್ಟಿ ಬದಲಾಗಿ ಕೀ ಹಳೆಯದಾಗುತ್ತದೆ. ಆಗ ಪಟ್ಟಿಯನ್ನು ಮತ್ತೆ ಕೇಳಿ ತಗೊಂಡು ಮತ್ತೆ ಪ್ರಯತ್ನಿಸಬೇಕು. ಪಟ್ಟಿ ಇಡಲು ಬಫರ್ ಮಾಡುವಾಗ ಫರ್ಮ್‌ವೇರ್ ಹೇಳಿದ ಅಳತೆಗಿಂತ ನಾಲ್ಕಾರು ನಮೂದು ಹೆಚ್ಚಿಗೆ ಹಿಡಿಯುವ ಹಾಗೆ ಮಾಡಿ. ಬಫರ್‌ಗೆ ಜಾಗ ಕೇಳಿದ್ದರಿಂದಲೇ ಒಂದು ನಮೂದು ಎರಡು ಹೋಳಾಗಿ ಪಟ್ಟಿ ಉದ್ದವಾಗಬಹುದು.

ಪ್ರಶ್ನೆ: ನಾನು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದೇನೆ. 4 ಜಿಬಿ ರ‍್ಯಾಮ್ ಹಾಕಿದರೂ ಹಳೆಯ 32 ಬಿಟ್ ವಿಂಡೋಸ್‌ನಲ್ಲಿ 3 ಚಿಲ್ಲರೆ ತೋರಿಸುತ್ತದೆ. ಗಿರಾಕಿಗಳು ನನ್ನ ಮೇಲೆ ಅನುಮಾನ ಪಡುತ್ತಾರೆ. ಏನಂತ ಹೇಳಲಿ?
— ಚಳ್ಳಕೆರೆ

ಉತ್ತರ: ತಪ್ಪು ನಿಮ್ಮದಲ್ಲ, ರ‍್ಯಾಮ್‌ನದ್ದೂ ಅಲ್ಲ. 4 ಜಿಬಿಯ ಕೆಳಗಿನ ವಿಳಾಸಗಳಲ್ಲಿ ಒಂದಷ್ಟನ್ನು ಗ್ರಾಫಿಕ್ಸ್ ಕಾರ್ಡ್, ನೆಟ್‌ವರ್ಕ್ ಕಾರ್ಡ್, ಫರ್ಮ್‌ವೇರ್ ಚಿಪ್ ಇವಕ್ಕೆ ಅಂತ ಬಿಟ್ಟಿರುತ್ತಾರೆ. ಆ ವಿಳಾಸದಲ್ಲಿ ರ‍್ಯಾಮ್ ಕಾಣುವುದಿಲ್ಲ. ಮುಚ್ಚಿಹೋದ ಆ ರ‍್ಯಾಮನ್ನು ಎಷ್ಟೋ ಮದರ್‌ಬೋರ್ಡ್‌ಗಳು 4 ಜಿಬಿಯ ಆಚೆಗೆ ಸರಿಸಿ ಇಡುತ್ತವೆ, ಆದರೆ ನಿಮ್ಮ ಗಿರಾಕಿಯ 32 ಬಿಟ್ ವಿಂಡೋಸ್ ಅಲ್ಲಿಗೆ ಹೋಗುವುದಿಲ್ಲ. ಪ್ರೊಸೆಸರ್ 64 ಬಿಟ್‌ನದ್ದಾಗಿದ್ದರೆ ಒಂದು 64 ಬಿಟ್ ಲಿನಕ್ಸ್ ಪೆನ್‌ಡ್ರೈವ್ ಅಂಗಡಿಯಲ್ಲಿ ಇಟ್ಟುಕೊಳ್ಳಿ, ಅದರಲ್ಲಿ ಬೂಟ್ ಮಾಡಿ ಡಿಮೆಸೆಜ್ (dmesg) ಕಮಾಂಡ್ ಕೊಟ್ಟರೆ ಮೊದಲ ಸಾಲುಗಳಲ್ಲೇ ಬಯಾಸ್-ಇ820 ಅಂತ ಪೂರ್ತಿ ಪಟ್ಟಿ ಬರುತ್ತದೆ. ಅದನ್ನೇ ಗಿರಾಕಿಗೆ ತೋರಿಸಿ.

ಪ್ರಶ್ನೆ: ಎಸಿಪಿಐ ಟೇಬಲ್‌ಗಳಿಗೆ ಚೆಕ್‌ಸಮ್ ಇದೆ. ಚೆಕ್‌ಸಮ್ ಸರಿ ಬಂದರೆ ಒಳಗಿನದ್ದನ್ನು ನಂಬಬಹುದು ಅಂತ ನನ್ನ ವಾದ. ಮಾರ್ಕ್ ಕಟ್ ಆಗಿದೆ. ನೀವೇನಂತೀರಿ?
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮಾರ್ಕ್ ಕೊಡುವುದು ನನ್ನ ಕೆಲಸವಲ್ಲ, ಆದರೆ ಈ ವಾದ ನಿಲ್ಲುವುದಿಲ್ಲ. ಟೇಬಲ್‌ನ ಎಲ್ಲ ಬೈಟ್ ಕೂಡಿಸಿದರೆ ಕೊನೆಯ 8 ಬಿಟ್ ಸೊನ್ನೆ ಬರಬೇಕು, ಚೆಕ್‌ಸಮ್ ಅಂದರೆ ಇಷ್ಟೇ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಟಿ ನೋಡಿದ್ದೀರಲ್ಲ, ಎರಡು ಚೀಲದ ತೂಕ ಅದಲುಬದಲಾಗಿ ಬರೆದಿದ್ದರೂ ಕೆಳಗಿನ ಒಟ್ಟು ಮೊತ್ತ ಸರಿಯಾಗೇ ಬರುತ್ತದೆ. ಇಲ್ಲೂ ಎರಡು ಬೈಟ್ ಜಾಗ ಬದಲಿಸಿದರೆ ಚೆಕ್‌ಸಮ್‌ಗೆ ಗೊತ್ತಾಗುವುದಿಲ್ಲ. ಮೇಲಾಗಿ ಫರ್ಮ್‌ವೇರ್ ಬರೆದವರೇ ತಪ್ಪು ಸಂಖ್ಯೆ ಬರೆದು ಅದರ ಮೇಲೆ ಚೆಕ್‌ಸಮ್ ಹಾಕಿದರೆ ಅದು ಸರಿಯಾಗೇ ಇರುತ್ತದೆ. ತಪ್ಪು ಸಂಖ್ಯೆಗೆ ಸರಿಯಾದ ಚೆಕ್‌ಸಮ್.

ಅದಕ್ಕಿಂತ ಹತ್ತಿರದ ತೊಂದರೆ ಒಂದಿದೆ. ಚೆಕ್‌ಸಮ್ ಮಾಡಬೇಕಾದರೆ ಎಷ್ಟು ಬೈಟ್ ಕೂಡಿಸಬೇಕು ಅಂತ ಗೊತ್ತಿರಬೇಕು. ಅದು ಟೇಬಲ್‌ನ ತಲೆಯಲ್ಲೇ 4 ಬೈಟ್‌ನಲ್ಲಿ ಬರೆದಿರುತ್ತದೆ. ಅಂದರೆ ಚೆಕ್‌ಸಮ್ ನೋಡುವ ಮೊದಲೇ ಉದ್ದವನ್ನು ನಂಬಿ ಆಗಿದೆ! ತಲೆಯ ಅಳತೆ 36 ಬೈಟ್. ಮೊದಲು ಅಷ್ಟನ್ನೇ ಓದಿ, ಉದ್ದ 36ಕ್ಕಿಂತ ಕಮ್ಮಿ ಇದೆಯಾ, ಅತಿಯಾಗಿ ದೊಡ್ಡದಿದೆಯಾ ನೋಡಿ, ಆಮೇಲೆ ಉಳಿದದ್ದನ್ನು ಮ್ಯಾಪ್ ಮಾಡಿ ಕೂಡಿಸಬೇಕು. ಎಕ್ಸ್‌ಎಸ್‌ಡಿಟಿ ಅನ್ನುವ ಟೇಬಲ್‌ನಲ್ಲಿ ಬೇರೆ ಟೇಬಲ್‌ಗಳ ವಿಳಾಸ 8 ಬೈಟ್‌ಗೊಂದರಂತೆ ಇರುತ್ತವೆ. ಎಷ್ಟಿವೆ ಅಂತ ತಿಳಿಯಲು ಉದ್ದದಿಂದ 36 ಕಳೆದು 8ರಿಂದ ಭಾಗಿಸುತ್ತಾರೆ. ಉದ್ದ 20 ಅಂತ ಇದ್ದರೆ? ಚಿಹ್ನೆ ಇಲ್ಲದ ಸಂಖ್ಯೆಯಲ್ಲಿ 20ರಿಂದ 36 ಕಳೆದರೆ ಮೈನಸ್ 16 ಬರುವುದಿಲ್ಲ, ಕೋಟಿಗಟ್ಟಲೆ ಬರುತ್ತದೆ. ಲೂಪ್ ಅಷ್ಟೂ ದೂರ ಓಡುತ್ತದೆ.

ಎಸ್‌ಆರ್‌ಎಟಿ ಟೇಬಲ್‌ನದ್ದು ಇನ್ನೊಂದು ಬಗೆ. ಯಾವ ಮೆಮೊರಿ ಯಾವ ಪ್ರೊಸೆಸರ್‌ಗೆ ಹತ್ತಿರ ಅಂತ ಹೇಳುವ ಟೇಬಲ್ ಅದು. 48 ಬೈಟ್ ಆದ ಮೇಲೆ ಸಣ್ಣ ದಾಖಲೆಗಳು ಸಾಲಾಗಿ ಬರುತ್ತವೆ, ಪ್ರತಿಯೊಂದರ ಮೊದಲ ಬೈಟ್ ಬಗೆ, ಎರಡನೆಯ ಬೈಟ್ ಉದ್ದ. ಮೆಮೊರಿಯ ದಾಖಲೆಯಾದರೆ ಬಗೆ 1, ಉದ್ದ 40. ಆ ಉದ್ದದಷ್ಟು ಮುಂದೆ ಹೋದರೆ ಮುಂದಿನ ದಾಖಲೆ. ಉದ್ದ ಸೊನ್ನೆ ಅಂತ ಬರೆದಿದ್ದರೆ ಕರ್ನಲ್ ಅಲ್ಲೇ ಸುತ್ತುತ್ತಾ ಇರುತ್ತದೆ. ಪರದೆ ಕಪ್ಪು, ಎರರ್ ಇಲ್ಲ, ಏನೂ ಇಲ್ಲ. ಲಿನಕ್ಸ್ ಈ ಸೊನ್ನೆಯನ್ನು ಬೇರೆಯಾಗಿ ಹಿಡಿದು ಹೊರಗೆ ಬರುತ್ತದೆ. ರಿವ್ಯೂ ಮಾಡುವಾಗ ಮೂರು ಕೇಳಿ. ಬಗೆ ಮತ್ತು ಉದ್ದದ ಎರಡು ಬೈಟ್ ಓದಲಿಕ್ಕಾದರೂ ಜಾಗ ಉಳಿದಿದೆಯಾ? ಉದ್ದವು ಉಳಿದ ಜಾಗದೊಳಗೆ ಹಿಡಿಯುತ್ತದಾ? ಬಗೆ 1 ಅಂತ ಓದುವ ಮೊದಲು 40 ಬೈಟ್ ನಿಜವಾಗಿ ಇದೆಯಾ? ಗೊತ್ತಿಲ್ಲದ ಬಗೆ ಬಂದರೆ ಎರರ್ ಕೊಡಬೇಡಿ, ಉದ್ದದಷ್ಟು ದಾಟಿ ಮುಂದೆ ಹೋಗಿ. ಹೊಸ ಬಗೆಗಳು ಬರುತ್ತಲೇ ಇರುತ್ತವೆ.

ಪ್ರಶ್ನೆ: ಫರ್ಮ್‌ವೇರ್ ನಮ್ಮದೇ ಮದರ್‌ಬೋರ್ಡಿನದ್ದು. ಅದನ್ನೂ ಅನುಮಾನಿಸಿದರೆ ಕೆಲಸ ಮುಗಿಯುವುದು ಯಾವಾಗ?
— ಹರಿಹರ

ಉತ್ತರ: ಇಲ್ಲಿ ಕಳ್ಳತನದ ಅನುಮಾನ ಜಾಸ್ತಿ ಇಲ್ಲ. ತಪ್ಪಾಗಿರಬಹುದು ಅನ್ನುವ ಅನುಮಾನ. ಯುಇಎಫ್‌ಐ ನಿಯಮದ ಪ್ರಕಾರ ಬೂಟ್ ಸರ್ವೀಸ್ ಮುಗಿದ ಮೇಲೆ ಅದರ ಮೆಮೊರಿ ಕರ್ನಲ್‌ಗೆ ಸೇರಬೇಕು. ಆದರೆ ಕೆಲವು ಫರ್ಮ್‌ವೇರ್‌ಗಳು ಆಮೇಲೂ ಆ ಜಾಗಕ್ಕೆ ಬಂದು ಕೈ ಹಾಕುತ್ತವೆ. ಅದಕ್ಕೇ ಲಿನಕ್ಸ್ ಎಕ್ಸ್86ನಲ್ಲಿ ಆ ಜಾಗವನ್ನು ಸ್ವಲ್ಪ ಹೊತ್ತು ಹಾಗೇ ಕಾಯ್ದಿಟ್ಟು, ಫರ್ಮ್‌ವೇರ್‌ಗೆ ಹೊಸ ವಿಳಾಸ ತಿಳಿಸಿದ ಮೇಲೆಯೇ ಬಿಡಿಸಿಕೊಳ್ಳುತ್ತದೆ. ಮನೆ ಖಾಲಿ ಮಾಡಿದವರು ಉಳಿದ ಸಾಮಾನಿಗೆ ಇನ್ನೊಂದು ಸಲ ಬರುತ್ತಾರೆ ಅಂತ ಗೊತ್ತಿದ್ದು ಬೀಗ ಬದಲಿಸದೆ ಇದ್ದ ಹಾಗೆ.

ಕ್ಲೌಡ್‌ನಲ್ಲಿ ಮಾತ್ರ ಕಳ್ಳತನದ ಅನುಮಾನವೂ ಬೇಕು. ಅಲ್ಲಿ ವರ್ಚುವಲ್ ಮಶೀನ್‌ಗೆ ಟೇಬಲ್ ಕೊಡುವುದು ಇನ್ನೊಬ್ಬರ ಹೋಸ್ಟ್, ಅಂದರೆ ಅದನ್ನು ಒಳಗೆ ಓಡಿಸುವ ನಿಜವಾದ ಮಶೀನ್. ಹೋಸ್ಟನ್ನೇ ನಂಬದೆ ನಡೆಸುವ ಗೋಪ್ಯ ವರ್ಚುವಲ್ ಮಶೀನ್‌ಗಳಲ್ಲಿ, ಹಂಚಿಕೊಂಡ ಮೆಮೊರಿಯಲ್ಲಿರುವ ಸಂಖ್ಯೆಯನ್ನು ಒಂದು ಸಲ ಪರೀಕ್ಷೆಗೆ ಓದಿ ಇನ್ನೊಂದು ಸಲ ಬಳಸಲು ಓದಿದರೆ, ನಡುವೆ ಅದು ಬದಲಾಗಿರಬಹುದು. ಮೊದಲು ನಿಮ್ಮ ಮೆಮೊರಿಗೆ ನಕಲು ಮಾಡಿ, ನಕಲನ್ನು ಪರೀಕ್ಷಿಸಿ, ನಕಲನ್ನೇ ಬಳಸಿ.

ಪ್ರಶ್ನೆ: ಜೊತೆಯವನ ಕೋಡಿನಲ್ಲಿ ತಪ್ಪು ಕಂಡರೆ ಹೇಗೆ ಹೇಳಬೇಕು? ಹೋದ ಸಲ ಇಲ್ಲಿ ಓವರ್‌ಫ್ಲೋ (ಸಂಖ್ಯೆ ಉಕ್ಕುವುದು) ಆಗಬಹುದು ಅಂತ ಬರೆದೆ, ಆಗಲ್ಲ ಅಂತ ಜಗಳವಾಯಿತು. ಎರಡು ವಾರ ಮಾತಿಲ್ಲ.
— ಹಿರಿಯೂರು

ಉತ್ತರ: ಓದಿ ಬೇಸರವಾಯಿತು. ಆಗಬಹುದು ಅನ್ನುವುದು ಅಭಿಪ್ರಾಯ, ಅದಕ್ಕೆ ಆಗಲ್ಲ ಅನ್ನುವ ಅಭಿಪ್ರಾಯವೇ ಎದುರು ಬರುತ್ತದೆ. ಮುಂದಿನ ಸಲ ಸಂಖ್ಯೆ ಕೊಡಿ. ಶುರು 4096, ಉದ್ದ 64 ಬಿಟ್‌ನ ಅತಿ ದೊಡ್ಡ ಸಂಖ್ಯೆ, ಬಗೆ 1, ಈ ಒಂದು ನಮೂದು ಕೊಟ್ಟರೆ ಕೊನೆ 4095 ಬರುತ್ತದೆ, ಆಮೇಲೆ ನಿನ್ನ ಇಷ್ಟನೇ ಸಾಲಿನಲ್ಲಿ ಹೀಗಾಗುತ್ತದೆ, ಅಂತ ಬರೆಯಿರಿ. ಅವನು ನಿಮ್ಮ ಜೊತೆ ವಾದ ಮಾಡಬೇಕಾಗಿಲ್ಲ, ಓಡಿಸಿ ನೋಡಬಹುದು. ಸಂಖ್ಯೆ ಕೊಡಲು ಆಗದಿದ್ದರೆ ಅದನ್ನು ಪ್ರಶ್ನೆಯಾಗಿ ಕೇಳಿ: ಈ ಉದ್ದಕ್ಕೆ ಮೇಲಿನ ಮಿತಿ ಎಲ್ಲಿ ಹಾಕಿದ್ದೀಯ, ನನಗೆ ಸಿಗಲಿಲ್ಲ. ಎಷ್ಟೋ ಸಲ ಅವನು ಬೇರೆ ಫೈಲಿನಲ್ಲಿ ಹಾಕಿರುತ್ತಾನೆ. ಚೆನ್ನಾಗಿ ಬರೆದ ಕಡೆಯೂ ಒಂದು ಸಾಲು ಬರೆಯಿರಿ, ಮನಸಾರೆ. ಮತ್ತೆ ಆ ಎರಡು ವಾರ, ಫೋನ್ ಮಾಡಿ ಮುಗಿಸಿಬಿಡಿ.

ಪ್ರಶ್ನೆ: ನಮ್ಮ ಹತ್ತಿರ ಇರುವುದು ಒಂದೇ ಲ್ಯಾಪ್‌ಟಾಪ್. ಬೇರೆ ಬೇರೆ ಮಶೀನ್‌ಗಳ ಪಟ್ಟಿ ಎಲ್ಲಿಂದ ತರುವುದು?
— ಚನ್ನಗಿರಿ

ಉತ್ತರ: ಓದುವ ಕೋಡನ್ನು ಕರ್ನಲ್‌ನಿಂದ ಬಿಡಿಸಿ ಒಂದು ಬೇರೆ ಫೈಲ್ ಮಾಡಿ. ಒಂದು ಬಫರ್, ಒಂದು ಅಳತೆ ಒಳಗೆ ಬರಲಿ, ಜೋಡಿಸಿದ ಪಟ್ಟಿ ಹೊರಗೆ ಹೋಗಲಿ, ನಡುವೆ ಹಾರ್ಡ್‌ವೇರ್ ಮುಟ್ಟುವುದು ಬೇಡ. ಆಗ ಅದನ್ನು ಲಿನಕ್ಸ್‌ನಲ್ಲಿ ಸಾಮಾನ್ಯ ಪ್ರೋಗ್ರಾಂನಂತೆ ಓಡಿಸಬಹುದು. ಕ್ಲ್ಯಾಂಗ್ ಕಂಪೈಲರ್‌ನ ಲಿಬ್‌ಫಝರ್ (ಮನಬಂದ ಬೈಟ್ ಕೊಟ್ಟು ಪರೀಕ್ಷಿಸುತ್ತದೆ) ಮತ್ತು ಅಡ್ರೆಸ್ ಸ್ಯಾನಿಟೈಜರ್ (ಅಳತೆ ಮೀರಿ ಓದಿದರೆ ಹಿಡಿಯುತ್ತದೆ) ಜೊತೆ ರಾತ್ರಿ ಬಿಟ್ಟು ಮಲಗಿ, ಕರೆಂಟ್ ಹೋಗದಿದ್ದರೆ ಬೆಳಿಗ್ಗೆಗೆ ಏನಾದರೂ ಸಿಕ್ಕಿರುತ್ತದೆ. ನಿಜವಾದ ಪಟ್ಟಿಗಳಿಗೆ ಗೆಳೆಯರ ಮಶೀನ್‌ಗಳಿವೆ. ಬಯಾಸ್ ಪಟ್ಟಿ ಲಿನಕ್ಸ್‌ನ ಸಿಸ್ ಡೈರೆಕ್ಟರಿಯ ಫರ್ಮ್‌ವೇರ್ ಮೆಮ್‌ಮ್ಯಾಪ್‌ನಲ್ಲಿ (/sys/firmware/memmap) ಸಿಗುತ್ತದೆ, ಪ್ರತಿ ನಮೂದಿಗೂ ಶುರು, ಕೊನೆ, ಬಗೆ ಅಂತ ಬೇರೆ ಬೇರೆ ಫೈಲ್. ಎಸಿಪಿಐ ಟೇಬಲ್‌ಗಳನ್ನು ಎಸಿಪಿಐಡಂಪ್ ಅನ್ನುವ ಕಮಾಂಡ್ ತೆಗೆದುಕೊಡುತ್ತದೆ. ಹಾಸ್ಟೆಲ್‌ನಲ್ಲಿ ಒಂದು ಸಂಜೆ ಸುತ್ತಿದರೆ ಹತ್ತು ಹದಿನೈದು ಮಶೀನ್ ಆಗುತ್ತವೆ. ಹಳೆಯವನ್ನು ಬಿಡಬೇಡಿ, ವಿಚಿತ್ರ ಪಟ್ಟಿ ಇರುವುದು ಅಲ್ಲೇ. ಕ್ಯೂಎಮು ಎಮುಲೇಟರ್‌ನಲ್ಲಿ ಮೆಮೊರಿ ಅಳತೆಯನ್ನು 64 ಎಂಬಿಯಿಂದ 6 ಜಿಬಿವರೆಗೆ ಬದಲಿಸಿ ನೋಡಿ, 4 ಜಿಬಿಯ ಹತ್ತಿರ ಬಂದಾಗ ಪಟ್ಟಿ ಹೇಗೆ ಒಡೆಯುತ್ತದೆ ಅಂತ ಕಣ್ಣಾರೆ ಕಾಣುತ್ತದೆ.

ಪ್ರಶ್ನೆ: ರಸ್ಟ್ ಭಾಷೆಯಲ್ಲಿ ಬರೆದರೆ ಈ ತಲೆನೋವೆಲ್ಲ ಇಲ್ಲ ಅಲ್ವಾ?
— ದಾವಣಗೆರೆ

ಉತ್ತರ: ಸ್ವಲ್ಪ ಕಮ್ಮಿಯಾಗುತ್ತದೆ. ಪಟ್ಟಿ ಒಂದು ಸಲ ಸ್ಲೈಸ್ (ತನ್ನ ಉದ್ದ ತನಗೇ ಗೊತ್ತಿರುವ ಮೆಮೊರಿ ತುಂಡು) ಆಗಿ ಕೈಗೆ ಬಂದ ಮೇಲೆ ಅಳತೆ ಮೀರಿ ಓದಿದರೆ ರಸ್ಟ್ ತಡೆಯುತ್ತದೆ. ಆದರೆ ಆ ಸ್ಲೈಸ್ ಮಾಡುವುದೇ ಫರ್ಮ್‌ವೇರ್ ಕೊಟ್ಟ ವಿಳಾಸ ಮತ್ತು ಉದ್ದದಿಂದ, ಅದು ಅನ್‌ಸೇಫ್ ಬ್ಲಾಕ್‌ನೊಳಗೆ. ಅಲ್ಲಿ ಭಾಷೆ ನಿಮ್ಮ ಮಾತನ್ನೇ ನಂಬುತ್ತದೆ. 40 ಮತ್ತು 48ರ ತಪ್ಪು ರಸ್ಟ್‌ನಲ್ಲೂ ಅಷ್ಟೇ ಸುಲಭವಾಗಿ ಆಗುತ್ತದೆ. ಕೂಡುವಾಗ ಸಂಖ್ಯೆ ಉಕ್ಕಿದರೆ ಡೀಬಗ್ ಬಿಲ್ಡ್‌ನಲ್ಲಿ ಪ್ಯಾನಿಕ್ ಆಗಿ ನಿಲ್ಲುತ್ತದೆ, ರಿಲೀಸ್ ಬಿಲ್ಡ್‌ನಲ್ಲಿ ಸೆಟ್ಟಿಂಗ್ ಬದಲಿಸದಿದ್ದರೆ ಸದ್ದಿಲ್ಲದೆ ಸುತ್ತಿಬರುತ್ತದೆ. ಹಾಗಾಗಿ ಚೆಕ್ಡ್ ಆಡ್ (checked_add) ಬಳಸಿ, ಸಂಖ್ಯೆ ಉಕ್ಕಿ None ಬಂದರೆ ಆ ನಮೂದನ್ನು ಬಿಡಿ. ರಿವ್ಯೂಗೆ ಕೂತಾಗ ಫೈಲಿನಲ್ಲಿ ಅನ್‌ಸೇಫ್ ಅಂತ ಹುಡುಕಿ, ಅದು ಸಿಕ್ಕ ಸಾಲಿನಿಂದ ಹಿಂದಕ್ಕೆ ಓದುತ್ತಾ ಹೋಗಿ, ಆ ವಿಳಾಸ ಮತ್ತು ಉದ್ದ ಎಲ್ಲಿಂದ ಬಂದವು ಅಂತ ಗೊತ್ತಾಗುವವರೆಗೆ.